ಮಹಾರಾಜರನ್ನು ಗುರುತಿಸದ ಕಾರು

ಹೊಂಬಳ್ಳಿ ಸಂಸ್ಥಾನದಲ್ಲಿ ಡಂಗುರ ಸಾರಿದರು: "ಸೋಮವಾರ ಮಹಾರಾಜ ರಣಧೀರರಾಯರ ಕಾರಿನ ಬಾಗಿಲು ತೆರೆಯಲಿಲ್ಲ. ಪರದೇಶದ ರಾಯಭಾರಿಯ ಕಣ್ಣೆದುರೇ ಪ್ರಭುಗಳು ಆಟೋ ಹತ್ತಿದರು. ರಾಜ್ಯ ಮೂರು ದಿನ ಶೋಕ ಆಚರಿಸತಕ್ಕದ್ದು. ಕಾರಿನ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರ ತಲೆ, ಸೆರೆಯಲ್ಲಿರುವ ಡ್ರೈವರ್ ಕರಿಬಸಪ್ಪನ ತಲೆಯೊಡನೆ ಶುಕ್ರವಾರ ಉರುಳುವುದು."

ಪೇಟೆಯಲ್ಲಿ ಕೊಡೆಯಡಿ ಕೂತು ಬೀಗ ರಿಪೇರಿ ಮಾಡುತ್ತಿದ್ದ ದ್ಯಾಮಣ್ಣ ಕೀಲಿ ಉಜ್ಜುವ ಅರ ಕೆಳಗಿಟ್ಟ. ಕರಿಬಸಪ್ಪ ಅವನ ಅಕ್ಕನ ಗಂಡ.

ಗುರುವಾರ ದರ್ಬಾರು ಸೇರಿತು; ದ್ಯಾಮಣ್ಣನೂ ಬಂದ. ರಾಜರು ಕೇಳಿದರು: "ಕೀಲಿ ಮೈಮೇಲಿದ್ದರೆ ಸಾಕು, ಕಾರು ತಾನೇ ತೆರೆಯಬೇಕು. ಪಂಚೆಯಲ್ಲಿ ಹೋದರೆ ತೆರೆಯುತ್ತದೆ. ದರ್ಬಾರಿನ ಉಡುಪಿನಲ್ಲಿ ಹೋದರೆ ನಾನು ಯಾರೋ ಎಂಬಂತೆ ನಿಲ್ಲುತ್ತದೆ. ಏಕೆ?"

"ಶನಿಕಾಟ" ಎಂದರು ಜೋಯಿಸರು. ಅವರನ್ನು ಸೆರೆಮನೆಗೆ ಒಯ್ದರು.

ದ್ಯಾಮಣ್ಣ ಬೀಗ ಬಿಚ್ಚುವ ಮೊದಲು ಕೀಲಿಯ ವಾಸಸ್ಥಳ ವಿಚಾರಿಸುವವನು. "ದರ್ಬಾರಿಗೆ ಬರುವಾಗ ಕೀಲಿ ಎಲ್ಲಿರುತ್ತದೆ, ಬುದ್ಧಿ?"

"ಬೆಳ್ಳಿಯ ಎಲೆಯಡಿಕೆ ಪೆಟ್ಟಿಗೆಯಲ್ಲಿ. ನಮ್ಮ ವಂಶದ ಪದ್ಧತಿ."

"ಕಾರು ಕರೆಯುತ್ತದೆ, ಕೀಲಿ ಓಗೊಡಬೇಕು. ಬೆಳ್ಳಿ ಗೋಡೆಯೊಳಗೆ ಕೂತರೆ ಕರೆಯೂ ಕೇಳದು, ಓಗೊಟ್ಟಿದ್ದೂ ಹೊರಬಾರದು."

ಕೀಲಿ ಹೊರತೆಗೆದು ಅಂಗಳದ ಬೇವಿನಡಿ ನಿಂತಿದ್ದ ಕಾರಿನ ಬಳಿ ಹೋದರು. ಬಾಗಿಲು ತೆರೆಯಿತು.

"ಇಲ್ಲಿ ಸರಿ" ಎಂದರು ರಾಜರು. "ಎರಡನೆಯದು. ಅರಮನೆಯ ಮುಖಮಂಟಪದಡಿ ನಿಂತರೆ ಕೀಲಿ ಕೈಯಲ್ಲಿದ್ದರೂ ಕಿವುಡು. ಏಕೆ?"

"ಕಾರಿನ ಒಳಗಿನ ಕಂಪ್ಯೂಟರನ್ನೇ ಬದಲಿಸಬೇಕು" ಎಂದ ಆಸ್ಥಾನದ ಇಂಜಿನಿಯರ್. ಅವನಿಗೂ ಸೆರೆಮನೆಯಲ್ಲಿ ಜಾಗವಾಯಿತು.

ದ್ಯಾಮಣ್ಣ ಕಾರನ್ನು ಮಂಟಪಕ್ಕೆ ತರಿಸಿ, ಮೇಲಿದ್ದ ಹೊಸ ಮಿಣುಕು ದೀಪಗಳನ್ನು ಆರಿಸಿದ. ಬಾಗಿಲು ತೆರೆಯಿತು. "ದೀಪಕ್ಕೆ ಕರೆಂಟು ಕೊಡೋ ಡಬ್ಬಿ ಗಲಾಟೆ ಮಾಡ್ತಿತ್ತು, ಬುದ್ಧಿ. ಸಂತೆಯಲ್ಲಿ ಪಿಸುಮಾತು ಯಾರಿಗೆ ಕೇಳುತ್ತೆ?"

ರಾಜರ ಮುಖ ಬಿಗಿಯಿತು. "ಮೂರನೆಯದು. ಒಂದು ತಿಂಗಳಿನಿಂದ, ರಾತ್ರಿ ಯಾರೂ ಓಡಿಸದಿದ್ದರೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ಹೊಸದು ಹಾಕಿಸಿದರೂ ಅಷ್ಟೇ. ಯಾರು ಕೊಲ್ಲುತ್ತಾರೆ?"

ದ್ಯಾಮಣ್ಣ ಕಾರಿನ ಕೊಟ್ಟಿಗೆಗೆ ಹೋಗಿ ಸುತ್ತಿದ. ಏನೂ ಕಾಣಲಿಲ್ಲ. ಮತ್ತೆ ಸುತ್ತಿದ. ಹಿಂದೆ ಬಂದಿದ್ದ, ತಲೆ ಕಡಿಯುವ ತಳವಾರ ಕತ್ತಿ ಒರೆಸಿಕೊಂಡ.

"ಈ ಕಾರಿನ ಇನ್ನೊಂದು ಕೀಲಿ ಎಲ್ಲಿದೆ?" ಎಂದ ದ್ಯಾಮಣ್ಣ.

ಜೊತೆಗೆ ಬಂದಿದ್ದ ಅರಮನೆಯ ಪುರೋಹಿತರು ಕೆಮ್ಮಿದರು. "ಹೋದ ತಿಂಗಳು ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಇದೇ ಗೋಡೆಯ ದೇವರ ಪಟದ ಹಿಂದೆ ಇಟ್ಟೆ. ಪೂಜೆಗೆ ಇಟ್ಟದ್ದನ್ನು ತೆಗೆಯೋದು ಹೇಗಯ್ಯಾ?"

ಪಟ ಕಾರಿನ ತಲೆಯ ನೇರಕ್ಕೇ ಇತ್ತು.

"ಸ್ವಾಮಿಗಳೇ, ತಿಂಗಳಿಡೀ ಕಾರು 'ಯಾರದು?' ಅಂತ ಕೇಳ್ತಿದೆ, ಈ ಕೀಲಿ 'ನಾನೇ' ಅಂತಿದೆ. ಅದು ಮಲಗೋದು ಯಾವಾಗ, ಬ್ಯಾಟರಿ ಉಳಿಯೋದು ಹೇಗೆ?"

ಕೀಲಿಯನ್ನು ದೇವರಮನೆಗೆ ಒಯ್ದರು. ಶುಕ್ರವಾರ ಬೆಳಿಗ್ಗೆ ತಳವಾರನ ಸಮಕ್ಷಮ ಗುಂಡಿ ಒತ್ತಿದರು. ಕಾರು ಹೊರಟಿತು.

"ಏನು ಬೇಕು, ಕೇಳು" ಎಂದರು ರಾಜರು.

"ನಮ್ಮ ಭಾವ. ಜೊತೆಗೆ ಒಳಗಿರೋ ಆ ಇಬ್ಬರೂ."

ಮೂವರೂ ಬಿಡುಗಡೆಯಾದರು. ರಾಜರ ಕೀಲಿ ಈಗ ಬಟ್ಟೆಯ ಎಲೆಚೀಲದಲ್ಲಿದೆ. ಕರಿಬಸಪ್ಪ ಸೆರೆಯಲ್ಲಿದ್ದ ದಿನಗಳನ್ನು ಅವನ ರಜೆಯ ಲೆಕ್ಕದಿಂದ ಕಳೆಯಲಾಯಿತು.