ಗೋಲು ಕಾಯುತ್ತಿದ್ದವಳ ಎಲೆ

ಹೊಳೆ ದಂಡೆಯ ಆ ಆಶ್ರಮಕ್ಕೆ ಚೆನ್ನಜ್ಜಿ ಗುರು. ಶಿಷ್ಯರಲ್ಲೆಲ್ಲ ಅಚ್ಚುಕಟ್ಟಿನವಳೆಂದರೆ ಮೋಹಿನಿ. ಯಾರ ತಂಟೆಗೂ ಹೋಗುವವಳಲ್ಲ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವವಳೂ ಅಲ್ಲ. ಇದನ್ನು ಆಶ್ರಮದವರು ವೈರಾಗ್ಯ ಎಂದು ತಿಳಿದಿದ್ದರು. ಮೋಹಿನಿಯೂ ಹಾಗೇ ತಿಳಿದಿದ್ದಳು.

ಹೊಳೆಯಾಚೆ ಒಂದು ಗುಡಿಸಲಿತ್ತು. ಒಬ್ಬರೇ ಇರುವಷ್ಟು ಹದವಾದವರಿಗೆ ಮಾತ್ರ ಗುರು ಅದನ್ನು ಕೊಡುತ್ತಿದ್ದಳು. ಹೋದವರು ಜೀವ ಇರುವ ತನಕ ಅಲ್ಲೇ. ಅಲ್ಲಿದ್ದ ಹಿರಿಯರು ತೀರಿಕೊಂಡು ಈಗ ಗುಡಿಸಲು ಖಾಲಿಯಾಗಿತ್ತು.

ಚೆನ್ನಜ್ಜಿ ದಂಡೆಯ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಮೋಹಿನಿ ಹೋಗಿ ಎದುರು ನಿಂತಳು.

"ಅಜ್ಜಿ, ಆ ಗುಡಿಸಲು ನನಗೆ ಕೊಡಿ."

"ಯಾಕೆ, ಈಚೆ ಸೊಳ್ಳೆ ಜಾಸ್ತಿಯೋ?"

"ತಮಾಷೆ ಮಾಡಬೇಡಿ. ಒಬ್ಬಳೇ ಇರೋದು ನನಗೆ ಹೊಸತಲ್ಲ. ಚಿಕ್ಕಂದಿನಲ್ಲೇ ಕಲಿತಿದ್ದೀನಿ."

"ಯಾವ ಗುರು ಕಲಿಸಿದ್ದು?"

"ಫುಟ್‌ಬಾಲ್."

ಅಜ್ಜಿ ಸೊಪ್ಪು ಪಕ್ಕಕ್ಕಿಟ್ಟಳು. "ಹೇಳು ಮಾರಾಯ್ತಿ. ಆ ಗುರುವಿನ ಹೆಸರು ಕೇಳಿದ್ದೀನಿ, ದರ್ಶನ ಆಗಿಲ್ಲ."

ಮೋಹಿನಿ ಮೀನುಗಾರರ ಕೇರಿಯ ಹುಡುಗಿ. ಸಮುದ್ರ ಇಳಿದಾಗ ಗಟ್ಟಿ ಮರಳು ಬಯಲಾಗುತ್ತಿತ್ತು, ಅದೇ ಮೈದಾನ. ದೋಣಿಯ ಎರಡು ಹುಟ್ಟುಗೋಲು ನೆಟ್ಟರೆ ಗೋಲು. ಹುಡುಗರ ಆಟದಲ್ಲಿ ಹುಡುಗಿಗೆ ಜಾಗವಿರಲಿಲ್ಲ. ಆದರೆ ಗೋಲು ಕಾಯಲು ಹುಡುಗರಿಗೇ ಮನಸ್ಸಿರಲಿಲ್ಲ. ದೋಣಿಯಿಂದ ಎಸೆದ ಮೀನಿನ ಬುಟ್ಟಿ ಹಿಡಿದು ಹಿಡಿದು ಮೋಹಿನಿಯ ಕೈ ಪಳಗಿತ್ತು. ಹಾಗಾಗಿ ಅವಳು ಅಲ್ಲಿ ನಿಂತಳು, ಬೆಳೆದು ದೊಡ್ಡವಳಾಗುವ ತನಕ ಅಲ್ಲೇ ನಿಂತಳು.

"ಉಳಿದವರೆಲ್ಲ ಆಡ್ತಿದ್ರು, ನೀನು ನಿಲ್ತಿದ್ದೆ. ಅಷ್ಟೇನಾ?" ಅಜ್ಜಿ ಕೇಳಿದಳು.

"ಅಷ್ಟೇ. ಚೆಂಡು ಹತ್ತಿರ ಬಂದಾಗ ಮಾತ್ರ ನನ್ನ ಹೆಸರು ಕೂಗ್ತಿದ್ರು. ದೂರ ಹೋದ್ರೆ ನಾನು, ಮರಳು, ಏಡಿ."

"ನಿಮ್ಮವರು ಗೋಲು ಹೊಡೆದಾಗ?"

"ಅದು ಆ ತುದಿಯಲ್ಲಿ. ಎಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣೀತಿದ್ರು. ಮೊದಮೊದಲು ನಾನೂ ಓಡಿದೆ. ಅರ್ಧ ದಾರಿ ಮುಟ್ಟೋವಷ್ಟರಲ್ಲಿ ಅವರು ಕುಣಿದು ಮುಗಿಸಿ ವಾಪಸ್ ಬರ್ತಿದ್ರು. ಆಮೇಲೆ ಓಡೋದು ಬಿಟ್ಟೆ."

"ನಿನ್ನ ತುದಿಗೆ ಯಾರೂ ಓಡಿ ಬರಲೇ ಇಲ್ವಾ?"

ಮೋಹಿನಿ ಹೊಳೆಯ ಕಡೆ ನೋಡಿದಳು. ಇದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ.

"ಒಂದು ಸಲ ಬಂದ್ರು. ಪಕ್ಕದ ಕೇರಿಯವರ ಜೊತೆ ಪಂದ್ಯ. ಅವರ ಕೊನೇ ಹೊಡೆತ ನಾನು ಹಾರಿ ಹಿಡಿದೆ. ಗೆದ್ವಿ. ನಮ್ಮವರೆಲ್ಲ ಕೂಗ್ತಾ ನನ್ನ ಕಡೆನೇ ಓಡಿ ಬಂದ್ರು."

"ಆಮೇಲೆ?"

"ಚೆಂಡನ್ನ ಎದೆಗವಚಿಕೊಂಡು ಮರಳಲ್ಲಿ ಮುದುಡಿ ಮಲಗಿಬಿಟ್ಟೆ. ಮೈಮೇಲೆ ಓಡಿ ಬರೋರು ಚೆಂಡು ಕಿತ್ತುಕೊಳ್ಳೋಕೆ ಬರ್ತಾರೆ ಅಂತಲೇ ನನಗೆ ರೂಢಿ. ಅವರು ಬೆನ್ನು ತಟ್ಟಿದ್ರು. 'ಏಳೇ ಮೋಹಿನಿ' ಅಂದ್ರು. ನಾನು ಏಳಲಿಲ್ಲ. ತಲೆ ಎತ್ತಿ ನೋಡೋ ಹೊತ್ತಿಗೆ ಹೋಗಿದ್ರು."

ಅಜ್ಜಿ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದಳು.

"ಇಷ್ಟು ಸಾಕಲ್ವಾ ಅಜ್ಜಿ, ಗುಡಿಸಲಿಗೆ?"

"ಊಟದ ಹೊತ್ತಾಯ್ತು, ನಡಿ," ಎಂದು ಅಜ್ಜಿ ಸೊಪ್ಪಿನ ಬುಟ್ಟಿ ಎತ್ತಿಕೊಂಡಳು.

ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಸಾಕು ಎನ್ನುವವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಎಲ್ಲ ಕಡೆ ಇರುವ ಪದ್ಧತಿ. ಒಂದಿಷ್ಟು ಬಿದ್ದ ಮೇಲೆ, ಇನ್ನಷ್ಟು ಬೀಳುವ ಮುಂಚೆ. ಮೋಹಿನಿ ಮಾತ್ರ ಅನ್ನ ಸಾರು ಹಾಕಿಸಿಕೊಂಡವಳೇ, ಮುಂದಿನದನ್ನು ಬಡಿಸುವವರು ಇನ್ನೂ ಸಾಲಿನ ಆ ತುದಿಯಲ್ಲಿರುವಾಗಲೇ ಎರಡೂ ಕೈ ಅಡ್ಡ ಹಿಡಿದು ಕೂರುತ್ತಿದ್ದಳು.

"ಇವಳ ಎಲೆಗೆ ಹಪ್ಪಳ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ ಕಣ್ರೋ," ಎಂದು ಬಡಿಸುವ ಗಣಪಯ್ಯ ಅವಳನ್ನು ದಾಟಿ ಹೋಗುತ್ತಿದ್ದ.

ಅವತ್ತು ಪಾಯಸದ ಸೌಟನ್ನು ಅಜ್ಜಿ ಅವನ ಕೈಯಿಂದ ಇಸಿದುಕೊಂಡಳು. ಒಬ್ಬೊಬ್ಬರಿಗೇ ಬಡಿಸುತ್ತಾ ಬಂದು ಮೋಹಿನಿಯ ಮುಂದೆ ನಿಂತಳು. ಮೋಹಿನಿಯ ಕೈಗಳು ಆಗಲೇ ಎಲೆಯ ಮೇಲಿದ್ದವು.

ಅಜ್ಜಿ ಒಂದು ಸೌಟು ಪಾಯಸವನ್ನು ನಿಧಾನವಾಗಿ ಆ ಕೈಗಳ ಮೇಲೆ ಸುರಿದಳು.

ಪಂಕ್ತಿಯೆಲ್ಲ ಗೊಳ್ಳೆಂದಿತು. ಬೆಚ್ಚಗಿನ ಪಾಯಸ ಬೆರಳ ಸಂದಿನಿಂದ ಮಣಿಕಟ್ಟಿಗೆ, ಅಲ್ಲಿಂದ ನೆಲಕ್ಕೆ ಇಳಿಯಿತು. ಎಲೆಗೆ ಒಂದು ತೊಟ್ಟೂ ಬೀಳಲಿಲ್ಲ.

"ಸಾಕು ಅಂದಿದ್ನಲ್ಲ ಅಜ್ಜಿ!"

"ಏನು ಸಾಕು? ತಿಂದು ನೋಡಿದ್ಯಾ?"

ಊಟ ಮುಗಿಯಿತು. ಎಲ್ಲರೂ ಎದ್ದು ಕೈತೊಳೆದು ಹೋದರು. ಗಣಪಯ್ಯನೂ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೋದ. ಮೋಹಿನಿ ನೆಲ ಒರೆಸಿ, ಕೈತೊಳೆದು ಬರುವಷ್ಟರಲ್ಲಿ ಉದ್ದನೆಯ ಜಗಲಿಯಲ್ಲಿ ಅಜ್ಜಿ ಒಬ್ಬಳೇ ಕೂತಿದ್ದಳು. ಅವಳ ಮುಂದೊಂದು ಹೊಸ ಎಲೆ. ಪಕ್ಕದಲ್ಲಿ ಇನ್ನೊಂದು.

"ಬಾ, ಕೂತ್ಕೋ."

ಮೋಹಿನಿ ಕೂತಳು. ಇಬ್ಬರ ಎಲೆಯೂ ಖಾಲಿ. ಅಜ್ಜಿ ಬಡಿಸಲು ಏಳಲಿಲ್ಲ. ಏಳಲು ಹೊರಟ ಮೋಹಿನಿಯನ್ನು ತೋಳು ಹಿಡಿದು ಕೂರಿಸಿದಳು.



"ಗುಡಿಸಲು ಯಾವತ್ತು ಕೊಡ್ತೀರಿ, ಅಜ್ಜಿ?"

"ಅಲ್ಲಿ ಯಾರೂ ಇಲ್ಲ ಅಂತ ನಿನಗೆ ಬೇಸರ ಆಗುತ್ತೆ ಅಂತ ನನಗೆ ಅನ್ನಿಸಿದ ದಿನ."

ಮರಳಲ್ಲಿ ಮುಖ ಹುದುಗಿಸಿ ಮಲಗಿದ್ದಾಗ ಬೆನ್ನ ಮೇಲೆ ಬಿದ್ದ ಆ ಕೈಗಳಲ್ಲಿ ಯಾವುದು ಯಾರದೆಂದು ಮೋಹಿನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಕೆಳಗೆ ನೋಡಿದಳು. ಅವಳಿಗೇ ತಿಳಿಯದ ಹಾಗೆ ಅವಳ ಕೈಗಳೆರಡೂ ಖಾಲಿ ಎಲೆಯನ್ನು ಮುಚ್ಚಿಕೊಂಡಿದ್ದವು.

"ಎಲ್ಲರೂ ಹೋದ್ರು ಅಜ್ಜಿ. ಇನ್ನು ಬಡಿಸೋಕೆ ಯಾರೂ ಬರಲ್ಲ."

"ಬರದೇ ಇರಲೂಬಹುದು," ಎಂದಳು ಚೆನ್ನಜ್ಜಿ. "ಕೈ ತೆಗೆದು ಕೂತ್ಕೋ."