ಏಣಿ ಹತ್ತಿದ ಕುರಿಗಣ್ಣು ಹೂ

ಟಿಬೆಟ್ಟಿನ ಹಿಮಬೆಟ್ಟದ ಮಗ್ಗುಲಲ್ಲಿ ಯೊಂತೆನ್ ಎಂಬ ಮುದಿ ಅಮ್ಚಿ ಇದ್ದ. ಅಮ್ಚಿ ಅಂದರೆ ಆ ಸೀಮೆಯ ನಾಟಿವೈದ್ಯ. ಅವನ ಶಿಷ್ಯ ತ್ಸೆಪಲ್. ಕಾಲಲ್ಲಿ ಎಷ್ಟು ಕಸುವೋ ಬಾಯಲ್ಲಿ ಅದರ ಎರಡರಷ್ಟು.

ಬೆಟ್ಟದ ನೆತ್ತಿಯಲ್ಲಿ ಕುರಿಗಣ್ಣು ಹೂ ಅರಳಿತು. ನೇರಳೆ ಎಸಳು, ನಡುವೆ ಹಳದಿ ಕಣ್ಣು. ಬಾಯಿಗೆ ಕಹಿ, ಮೈಗೆ ತಂಪು.

"ಕಿತ್ತು ತಂದು ನೆರಳಲ್ಲಿ, ಗಾಳಿಗೆ ಒಣಗಿಸು," ಅಂದ ಗುರು. "ಮುಂದೆ ಬರುವ ವಿಷಜ್ವರದ ರೋಗಿಗೆ ಮದ್ದು ನೀನೇ ಕಾಯಿಸು."

ತ್ಸೆಪಲ್ ಕಾದಿದ್ದೇ ಆ ಮಾತಿಗೆ.

ಕೆಲವೇ ದಿನಗಳಲ್ಲಿ ಕಂಬಳಿ ನೇಯುವ ಯಾಂಗ್ಕಿ ಜ್ವರದಲ್ಲಿ ಬೇಯುತ್ತ, ಗಂಡನ ಬೆನ್ನೇರಿ ಬಂದಳು. ತ್ಸೆಪಲ್ ತಾನು ಒಣಗಿಸಿದ ಹೂವಿನ ಚೀಲವನ್ನು ಗುರುವಿನ ಮುಂದೆ ಇಳಿಸಿದ.

"ನೆರಳಂತೆ ನೆರಳು! ಮಾಳಿಗೆಯ ಸುಡುಬಿಸಿಲಿಗೆ ಹರವಿದೆ, ಕಣ್ಣು ಮುಚ್ಚಿ ತೆರೆಯೋದರಲ್ಲಿ ಗರಿಗರಿ. ಈ ಕಣಿವೆಯಲ್ಲಿ ನನ್ನ ಸಮ ಯಾರಿದ್ದಾರೆ ಹೇಳಿ!"

ಗುರು ಚೀಲ ಬಿಚ್ಚಿದ. ನೇರಳೆ ಹೋಗಿ ಒಣಹುಲ್ಲಿನ ಬಣ್ಣ. ಎದ್ದು, ಅಷ್ಟನ್ನೂ ಈದ ಕುರಿಯ ಕೆಳಗೆ ಹಾಸಿದ.

ತ್ಸೆಪಲ್‌ನ ನೆತ್ತಿ ಉರಿಯಿತು.

"ನನ್ನ ಬೆವರು ಕುರಿಗೆ ಹಾಸಿಗೆಯೇ? ಒಣಗಿದ್ದು ಒಣಗಿದ್ದೇ, ಬಿಸಿಲಾದರೇನು ನೆರಳಾದರೇನು! ಶಿಷ್ಯ ಮೇಲೆ ಬಂದಾನು ಅಂತ ಹೊಟ್ಟೆಕಿಚ್ಚು ನಿಮಗೆ!"

"ಇರಬಹುದು," ಅಂದ ಗುರು. "ಯಾಂಗ್ಕಿಯನ್ನು ಎತ್ತಿಕೊ. ಮಾಳಿಗೆಗೆ ಒಯ್ದು ಮಲಗಿಸು."

"ಯಾರನ್ನ? ಆ ಬಿಸಿಲಿಗಾ?"

"ಬಿಸಿಲಾದರೇನು, ನೆರಳಾದರೇನು? ನೀನು ಎತ್ತದಿದ್ದರೆ ನಾನೇ ಎತ್ತುತ್ತೇನೆ."

ಗುರು ಬಗ್ಗಿದ್ದೇ ತಡ, ತ್ಸೆಪಲ್ ಹಾರಿ ಮಾಳಿಗೆಯ ಏಣಿಗೆ ಅಡ್ಡ ನಿಂತ.

"ಬುದ್ಧಿ ನೆಟ್ಟಗಿದೆಯಾ? ಮೈ ಕೆಂಡವಾಗಿದೆ ಅವಳಿಗೆ! ಅಲ್ಲಿ ಹಾಕಿದರೆ ಬಾಡಿ ಸಾಯ್ತಾಳೆ! ಗುರುವಾಗಲಿ ಗುರುವಿನ ಗುರುವಾಗಲಿ, ನನ್ನನ್ನು ದಾಟಿ ಹತ್ತಿ ನೋಡೋಣ!"

ಗುರು ನಕ್ಕ. ತೊಲೆಯಿಂದ ಹೋದ ವರ್ಷದ ಗಂಟು ಇಳಿಸಿದ. ಒಳಗೆ ಹೂ ಇನ್ನೂ ನೇರಳೆಯೇ. ಒಂದು ಹಿಡಿ ಕುದಿಸಿ, ಆರಿಸಿ, ಯಾಂಗ್ಕಿಯ ತುಟಿಗೆ ಹಿಡಿದ. ಅವಳು ಮುಖ ಕಿವುಚಿ ಕುಡಿದಳು.

ತ್ಸೆಪಲ್ ಆ ಬಣ್ಣವನ್ನೇ ನೋಡುತ್ತಿದ್ದ. ಏಣಿ ಮಾತ್ರ ಬಿಟ್ಟಿರಲಿಲ್ಲ.

"ಹಾಗಾದರೆ ನಾನು ಮದ್ದು ಕಾಯಿಸೋದು ಯಾವಾಗ?"

ಗುರು ಖಾಲಿ ಚೀಲವನ್ನು ಅವನ ಹೆಗಲಿಗೆ ಹಾಕಿದ.

"ಹೂವು ಏಣಿ ಹತ್ತುವಾಗಲೂ ನೀನು ಹೀಗೇ ಅಡ್ಡ ನಿಂತ ದಿನ."