ಒಬ್ಬ ಮಹಾರಾಜ, ಏಳು ಬೆಕ್ಕು

ನಲವತ್ತು ಸಾವಿರ ರೂಪಾಯಿ ಕೊಟ್ಟು ಗದಿಗೆಪ್ಪ ಒಬ್ಬ ಮಹಾರಾಜನ ಮುಖ ಕೊಂಡಿದ್ದ.

ಮುಖವೆಂದರೆ ಬರೀ ಮುಖ. ಊರೂರು ಸುತ್ತುವ ದೊಡ್ಡ ನಾಟಕ ಕಂಪನಿಯೊಂದರ ಆಟದಲ್ಲಿ ಬರುವ ಮಹಾರಾಜ ಅವನು. ಆ ಮುಖವನ್ನು ಮರದ ಗೊಂಬೆಯಾಗಿ ಮಾಡಿ ಮಾರುವ ಹಕ್ಕು ಒಂದು ವರ್ಷದ ಮಟ್ಟಿಗೆ ಗದಿಗೆಪ್ಪನದು, ಬೇರೆ ಯಾರಿಗೂ ಇಲ್ಲ.

ಐದು ಸಾವಿರ ಗೊಂಬೆ ಮಾಡಿಸಿದ. ವರ್ಷ ಮುಗಿಯುವಾಗ ಮಾರಿದ್ದು ಆರುನೂರು.

ಈಗ ಕಂಪನಿ ಹೊಸ ನಾಟಕ ತಂದಿತ್ತು. ಹೊಸ ಮಹಾರಾಜ. ಅವನ ಮುಖಕ್ಕೆ ಕಂಪನಿ ಮಾಲೀಕ ಕೇಳಿದ್ದು ಅರವತ್ತು ಸಾವಿರ. ಅಮಾವಾಸ್ಯೆಯೊಳಗೆ ಕೊಡದಿದ್ದರೆ ಎದುರಿನ ಅಂಗಡಿಯ ಕಾಡಪ್ಪ ಕೊಳ್ಳಲು ತಯಾರಿದ್ದ.

ಗದಿಗೆಪ್ಪನ ಕೈಯಲ್ಲಿ ಉಳಿದಿದ್ದು ಹದಿನೈದು ಸಾವಿರ, ಮತ್ತು ಅಪ್ಪ ಬಿಟ್ಟುಹೋದ ಅಂಗಡಿ. ಅಂಗಡಿಯನ್ನು ಒತ್ತೆ ಇಡುವ ಮುಂಚೆ ಹೊಳೆ ದಂಡೆಯ ಮಠಕ್ಕೆ ಬಂದ, ಗುರು ಅಡವಯ್ಯ ಅಜ್ಜನವರ ಆಶೀರ್ವಾದಕ್ಕೆ. ಬರುವಾಗ ಒಂದು ಚೀಲ ಗೊಂಬೆ ಹೊತ್ತು ತಂದಿದ್ದ.

ಅಜ್ಜ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಆಶೀರ್ವಾದ ಮಾಡ್ರಿ ಅಜ್ಜಾರ. ಅಂಗಡಿ ಒತ್ತಿ ಇಡಾಕ ಹೊಂಟೀನಿ."

"ಇಡಾವ ನೀನು, ಕಳಕೊಳ್ಳಾವ ನೀನು. ನಡುವ ನಾ ಯಾಕ?"

"ಹಂಗನಬ್ಯಾಡ್ರಿ. ಈ ಸಲದ ರಾಜ ಭಾರಿ ಅದಾನ."

"ಹೋದ ಸಲದವ?"

"ಅವನೂ ಭಾರಿ ಇದ್ದ. ಆದ್ರ ಇವನ ಮೀಸಿ ಇನ್ನೂ ದೊಡ್ಡದೈತ್ರಿ."

ಅಜ್ಜ ಸುಲಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಮತ್ತೆ ಸುಲಿಯತೊಡಗಿದರು.

"ಹೋದ ಸಲದವ ಯಾಕ ಮಾರಲಿಲ್ಲ?"

"ಅದ ತಿಳೀವಲ್ದು. ಆಟದಾಗ ಅವ ಬಂದ್ರ ಸಾಕು, ಜನ ಎದ್ದ ನಿಂತು ಚಪ್ಪಾಳಿ ಹೊಡೀತಿದ್ರು. ನಾ ಮುಂದಿನ ಸಾಲಿನಾಗ ಕೂತು ಕಣ್ಣಾರೆ ನೋಡೀನಿ. ಗೊಂಬಿನೂ ಥೇಟ್ ಅವನಂಗ ಐತಿ. ಬಂಗಾರದ ಬಣ್ಣ, ಕೈಯಾಗ ಖಡ್ಗ. ತುಟ್ಟಿ ಆತೇನೋ ಅಂತ ರೇಟ್ ಅರ್ಧಕ್ಕ ಇಳಿಸಿದೆ. ಆದ್ರೂ ಒಯ್ಯಲಿಲ್ಲ."

"ಪುಕ್ಕಟೆ ಕೊಟ್ಟ ನೋಡಿದೇನು?"

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ವ್ಯಾಪಾರಿಯ ಕೈ ತಾನಾಗಿ ಚೀಲದ ಬಾಯಿ ಹಿಡಿಯುತ್ತದೆ. ಗದಿಗೆಪ್ಪನ ಕೈಯೂ ಹಿಡಿಯಿತು.

"ಪುಕ್ಕಟೆ ಕೊಟ್ರ ಏನ ಉಳೀತೈತ್ರಿ?"

"ಈಗೇನ ಉಳದೈತಿ?"

ಗದಿಗೆಪ್ಪ ಚೀಲದ ಬಾಯಿ ಬಿಟ್ಟ.

"ಹೊಳಿಗೆ ಅರಿವಿ ಒಗಿಯಾಕ ಹೆಣ್ಮಕ್ಕಳು ಬಂದಾರ. ಮನಿಯಾಗ ಸಣ್ಣ ಹುಡುಗ್ರು ಇದ್ದವರಿಗೆ ಒಂದೊಂದ ಕೊಟ್ಟ ಬಾ. ಎರಡ ದಿನ ಬಿಟ್ಟು ಅವರ ಮನಿಗೆ ಹೋಗಿ ಗೊಂಬಿ ಎಲ್ಲಿ ಅದಾವು ನೋಡು."

ಮೂರನೆಯ ದಿನ ಗದಿಗೆಪ್ಪ ಓಡೋಡಿ ಬಂದ. ಮುಖ ಅರಳಿತ್ತು.

"ಅಜ್ಜಾರ, ಎಲ್ಲಾ ಮನಿಯಾಗೂ ದೇವರ ಜಗಲಿ ಮ್ಯಾಲೆ ಇಟ್ಟಾರ್ರಿ. ಕುಂಕುಮ ಹಚ್ಚ್ಯಾರ. ಒಂದ ಮನಿಯಾಗ ಹೂವಿನ ಸರ ಹಾಕ್ಯಾರ."

"ಹುಡುಗ್ರು?"

"ಮುಟ್ಟಾಕ ಹೋದ್ರ ಅವ್ವಂದಿರು ಕೈ ಮ್ಯಾಲೆ ಹೊಡೀತಾರ. ಅಷ್ಟ ಭಕ್ತಿ."

"ಇನ್ನೊಂದ ಕೊಡ್ತೀನಿ ಅಂದೇನು?"

"ಅಂದೆ. ಒಬ್ಬಾಕಿ ಮುದುಕಿ, 'ಬ್ಯಾಡಪಾ, ಮನಿಗೆ ಒಬ್ಬ ಸಾಕು, ಇಬ್ಬರ ಪೂಜಿ ಯಾರ ಮಾಡ್ಯಾರ' ಅಂದ್ಲು."

"ಹೂಂ. ಈಗರ ತಿಳೀತೇನು?"

"ತಿಳೀತ್ರಿ. ಗೊಂಬಿ ಜೋಡಿ ಊದಿನಕಡ್ಡಿನೂ ಮಾರಬೇಕು."

ಅಜ್ಜ ಹಣೆಗೆ ಕೈ ಹಚ್ಚಿಕೊಂಡರು.

"ನಿನಗ ದೀಕ್ಷಾ ಕೊಟ್ಟು ಎಷ್ಟ ವರ್ಷ ಆತು?"

"ಹದಿನೆಂಟ್ರಿ."

"ನನ್ನ ಕರ್ಮ."

ಹೊಳೆಯ ಮೇಲಿಂದ ಗಾಳಿ ಬಂದು ಶೇಂಗಾದ ಸಿಪ್ಪೆಯನ್ನೆಲ್ಲ ಗದಿಗೆಪ್ಪನ ಕಡೆ ಹಾರಿಸಿತು. ಅವನು ಕೊಡವಿಕೊಳ್ಳುವವರೆಗೂ ಅಜ್ಜ ಕಾದರು.

"ಆಟ ಮುಗದ ಮ್ಯಾಲೆ ಜನ ಏನ ಮಾತಾಡ್ತಾರ?"

"ಗೊತ್ತಿಲ್ರಿ. ಕಡೀ ಪರದೆ ಬೀಳೂದ್ರಾಗ ನಾ ಎದ್ದ ಬಿಡ್ತೀನಿ. ಗದ್ದಲದಾಗ ಸಿಕ್ಕರ ಗಾಡಿ ಸಿಗೂದಿಲ್ಲ."

"ಇವತ್ತ ಒಳಗ ಹೋಗಬ್ಯಾಡ, ಹೊರಗ ನಿಂದ್ರು. ನಾಳೆ ಹುಲಿಗೆವ್ವನ ತೊಗಲುಗೊಂಬಿ ಆಟದ ಹೊರಗೂ ನಿಂದ್ರು."

"ಆ ಬೆಕ್ಕಿನ ಆಟಾನ್ರಿ? ಅಲ್ಲೆ ಮೂವತ್ತ ಮಂದೀನೂ ಇರೂದಿಲ್ಲ."

"ನಿನಗೇನ ಮೂವತ್ತ ಮಂದೀನ ಹೊತ್ತು ತಾ ಅಂದೆನೇನು? ನಿಂದ್ರು ಅಂದೆ."

ಹುಲಿಗೆವ್ವನ ಆಟದಲ್ಲಿ ಏಳು ಬೆಕ್ಕುಗಳು ಸೇರಿ ಒಂದು ಸಂತೆ ನಡೆಸುತ್ತವೆ. ಒಂದು ಕುಂಟ. ಒಂದು ಸುಳ್ಳ. ಒಂದಕ್ಕೆ ನೀರು ಕಂಡರೆ ಹೆದರಿಕೆ, ಇನ್ನೊಂದು ತಕ್ಕಡಿಯಲ್ಲೇ ಮಲಗಿಬಿಡುತ್ತದೆ. ದಿನಕ್ಕೊಂದು ಹೊಸ ಫಜೀತಿ. ಯಾರೂ ಗೆಲ್ಲುವುದಿಲ್ಲ, ಯಾರೂ ಸಾಯುವುದಿಲ್ಲ. ಹುಲಿಗೆವ್ವನಿಗೆ ದಣಿವಾದಾಗ ದೀಪ ಆರುತ್ತದೆ, ಅಷ್ಟೆ.

ಗದಿಗೆಪ್ಪ ಎರಡೂ ಕಡೆ ನಿಂತು ಬಂದ. ಅವನ ಅಂಗಿಯ ತೋಳು ಹರಿದಿತ್ತು.

"ಏನ ಕೇಳಿದಿ?"

"ಕಂಪನಿ ಆಟದ್ದು ಕೇಳಬೇಕ್ರಿ. 'ಏನ ಗಂಟಲಪಾ ಅವಂದು' ಅಂತ ಒಬ್ಬ. 'ರಾಜ ಸಾಯೂ ಮುಂದ ಕರಳ ಕಿತ್ತ ಬಂತು' ಅಂತ ಇನ್ನೊಬ್ಬ. ಹೆಣ್ಮಕ್ಕಳು ಕಣ್ಣ ಒರಸಿಕೋತ ಹೊಂಟಿದ್ರು."

"ಆಮ್ಯಾಲೆ?"

"ಆಮ್ಯಾಲೇನು, ಮನಿಗೆ ಹೋದ್ರು."

"ಹುಡುಗ್ರು?"

"ಅಪ್ಪಂದಿರ ಹೆಗಲ ಮ್ಯಾಲೆ ಮಲಗಿದ್ವು."

"ಹುಲಿಗೆವ್ವನ ಆಟ?"

"ಅದರ ಮಾತ ಬಿಡ್ರಿ. ಒಂದ ಚಪ್ಪಾಳಿ ಇಲ್ಲ. ಹೊರಗ ಬಂದ ಹುಡುಗ್ರಂತೂ ಶುದ್ಧ ಪುಂಡರು. ಒಬ್ಬ 'ನಾ ಕುಂಟ್ಯಾ' ಅಂತಾನ. ಇನ್ನೊಬ್ಬ 'ನಿನ್ನೆ ನೀನ ಕುಂಟ್ಯಾ ಆಗಿದ್ದಿ, ಇವತ್ತ ನಾನು' ಅಂತಾನ. ಸಣ್ಣ ಹುಡುಗಿ ಒಂದು ತಕ್ಕಡಿ ಬೇಕಂತ ಅವ್ವನ ಸೆರಗ ಹಿಡದು ನೆಲಕ್ಕ ಬಿದ್ದ ಉಳ್ಳಾಡ್ತೈತಿ. ಸುಳ್ಳ್ಯಾ ಆದವ ಕುಂಟ್ಯಾ ಆದವನ್ನ ಕಚ್ಚಿದ. ಬಿಡಸಾಕ ಹೋಗಿ ನನ್ನ ಅಂಗಿ ಹರೀತು. ಎಲ್ಲಾ ಕುಂಟಕೋತನ ಮನಿಗೆ ಹೋದ್ವು. 'ವಾರ ಆತು, ನನ್ನ ಮಗ ನೆಟ್ಟಗ ನಡದಿಲ್ಲ' ಅಂತ ಒಬ್ಬ ಅಪ್ಪ ಅಳೂದೊಂದ ಬಾಕಿ. ಇಂಥಾ ಆಟ ಬಂದ್ ಮಾಡಸಬೇಕ್ರಿ ಅಜ್ಜಾರ."

ಅಜ್ಜ ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. ಇವನಿಗಿಂತ ಹೊಳೆಯೇ ವಾಸಿ ಎನ್ನುವ ಹಾಗಿತ್ತು ಆ ನೋಟ.

"ಚಪ್ಪಾಳಿ ಹೊಡೀ," ಎಂದರು.

"ಏನ್ರಿ?"

"ಹೊಡಿಯಪಾ."

ಗದಿಗೆಪ್ಪ ಹೊಡೆದ.

"ಜೋರಾಗಿ."

ಜೋರಾಗಿ ಹೊಡೆದ. ಕಟ್ಟೆಯ ಮೇಲಿದ್ದ ಎರಡು ಗುಬ್ಬಿ ಹಾರಿಹೋದವು.

"ಈಗ ಕೈ ತೋರಸು. ಕೈಯಾಗ ಏನೈತಿ?"

"ಏನಿಲ್ರಿ."

"ಖಾಲಿ ಕೈ ಎಣಿಸಿ ಐದ ಸಾವಿರ ಗೊಂಬಿ ಮಾಡಿಸಿದ್ಯಲ್ಲೋ."

ಗದಿಗೆಪ್ಪ ತನ್ನ ಎರಡೂ ಅಂಗೈ ನೋಡಿಕೊಂಡು ನಿಂತ. ಆಮೇಲೆ ಕೇಳಿದ:

"ಅಂದ್ರ ರಾಜನ ಕತಿ ಸುಮಾರ ಅಂತೀರೇನು?"

"ಕತಿ ಚಲೋ ಐತಿ. ಕಡೀಕ ಅವ ಸತ್ತ. ಜನ ಅತ್ತು ಹಗುರಾದ್ರು. ಮುಗೀತು. ಸತ್ತವನ ಜೋಡಿ ಮರುದಿನ ಮುಂಜಾನೆ ಹುಡುಗ ಏನ ಆಡಬೇಕು?"

"ಬೆಕ್ಕಿನ ಜೋಡಿ ಏನ ಆಡ್ತಾನ್ರಿ?"

"ಕಚ್ಚಿಸಿಕೊಂಡವನ್ನ ಕೇಳ ಹೋಗು. ನನಗ ಶೇಂಗಾ ಸುಲಿಯೂದೈತಿ."

ಗದಿಗೆಪ್ಪ ಕಚ್ಚಿಸಿಕೊಂಡವನನ್ನು ಕೇಳಲಿಲ್ಲ. ನೆಟ್ಟಗೆ ಹುಲಿಗೆವ್ವನ ಬಿಡಾರಕ್ಕೆ ಹೋದ. ಅವಳು ಒಂದು ಬೆಕ್ಕಿನ ಹರಿದ ಕಿವಿಗೆ ತೊಗಲು ಹಚ್ಚಿ ಹೊಲಿಯುತ್ತಿದ್ದಳು.

"ಹುಲಿಗೆವ್ವಾ, ನಿನ್ನ ಕುಂಟ ಬೆಕ್ಕನ್ನ ಮರದಾಗ ಮಾಡಿ ಮಾರ್ತೀನಿ. ಐದ ಸಾವಿರ ಕೊಡ್ತೀನಿ."

"ಬರೇ ಕುಂಟ್ಯಾ?"

"ಹೀರೋ ಅಂದ್ರ ಅವನ ಅಲ್ಲೇನು?"

"ಯಾರ ಅಂದ್ರು ನಿನಗ? ಒಯ್ದರ ಏಳೂ ಒಯ್ಯಿ. ಒಬ್ಬನ್ನ ಒಯ್ದರ ಅವ ಯಾರ ಜೋಡಿ ಜಗಳ ಆಡಬೇಕು?"

"ಏಳಕ್ಕ ಎಷ್ಟು?"

"ಈಗ ಹತ್ತ ಸಾವಿರ. ಆಮ್ಯಾಲೆ ಮಾರಿದ ಗೊಂಬಿಗೆ ಒಂದೊಂದ ರೂಪಾಯಿ."

"ಗೊಂಬಿಗಿಷ್ಟು ಅಂತ ಕಂಪನಿ ಮಾಲಕನೂ ಕೇಳಿಲ್ಲ, ತಾಯಿ."

"ಅವಗ ಮಾರೂದಿಲ್ಲಂತ ಗೊತ್ತಿತ್ತು. ಅದಕ್ಕ ಎಲ್ಲಾ ಮೊದಲ ಇಸಗೊಂಡ."

ಗದಿಗೆಪ್ಪನಿಗೆ ಸಿಟ್ಟು ಬಂತು. ಸಿಟ್ಟು ಇಳಿಯುವಷ್ಟರಲ್ಲಿ ಮಾತು ಅರ್ಥವಾಯಿತು. ಹತ್ತು ಸಾವಿರ ಎಣಿಸಿ ಕೊಟ್ಟ. ಒತ್ತೆ ಬರೆಯುವವನಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ.

ಹೊಸ ಮಹಾರಾಜ ಕಾಡಪ್ಪನ ಪಾಲಾದ. ಗದಿಗೆಪ್ಪ ಗೋದಾಮಿನಲ್ಲಿದ್ದ ಹಳೆಯ ಮಹಾರಾಜರನ್ನೆಲ್ಲ ಹೊರಗೆ ತೆಗೆಸಿದ. ಬಣ್ಣ ಕೆರೆಸಿದ. ಕಿರೀಟ ಕೊಯ್ದು ಕಿವಿ ಮಾಡಿಸಿದ, ಖಡ್ಗ ಬಾಲವಾಯಿತು. ಮೊದಲ ನಾಲ್ಕು ಸಾವಿರ ಬೆಕ್ಕುಗಳಿಗೆ ಮರಕ್ಕೆ ಮತ್ತೆ ದುಡ್ಡು ಹಾಕುವ ಪ್ರಸಂಗ ಬರಲಿಲ್ಲ.

ಒಂದು ವರ್ಷ ಅವನು ಮಠದ ಕಡೆ ಸುಳಿಯಲಿಲ್ಲ. ಬಂದಾಗ ಕಣ್ಣ ಕೆಳಗೆ ಕಪ್ಪಾಗಿತ್ತು.

"ಸಾಕಾಗೈತ್ರಿ ಅಜ್ಜಾರ. ಬಾಗಲಾ ತಗಿಯೂದ್ರಾಗ ಬಂದ ನಿಂತಿರ್ತಾರ. ಒಬ್ಬಾಕಿ 'ಬಾಲ ಮುರೀತು' ಅಂತಾಳ. ಒಬ್ಬಾಕಿ 'ಸುಳ್ಳ್ಯಾ ಬಾವ್ಯಾಗ ಬಿದ್ದಾನ, ನನ್ನ ಮಗ ಉಣವಲ್ಲ' ಅಂತಾಳ. ಇನ್ನೊಬ್ಬಾಕಿ 'ಆರ ಅದಾವ, ಏಳನೇದು ಕೊಡದಿದ್ರ ನನ್ನ ಮಗನ್ನ ನೀನ ಬಂದ ಮಲಗಸು' ಅಂತಾಳ. ನನಗ ಬೈಕೋತ ಬೈಕೋತನ ದುಡ್ಡ ಕೊಟ್ಟ ಹೋಗ್ತಾರ."

"ಎಷ್ಟ ಹೋದ್ವು?"

"ಇಪ್ಪತ್ತ ಸಾವಿರ."

"ಅಂಗಡಿ?"

"ನಂದ ಐತ್ರಿ. ಹಳೇ ಲುಕ್ಸಾನ ತುಂಬೇತಿ. ಬಾಜೂದ್ದೂ ತಗೊಂಡೆ."

"ಕಾಡಪ್ಪ?"

"ಊದಿನಕಡ್ಡಿ ರೇಟ್ ಕೇಳಾಕತ್ತಾನ್ರಿ."

ಅಜ್ಜನ ತುಟಿ ಒಂದಿಷ್ಟು ಅಲುಗಿತು. ನಕ್ಕರೆಂದು ಗದಿಗೆಪ್ಪ ತಿಳಿದ. ಅದೇ ಧೈರ್ಯದಲ್ಲಿ ಜೋಳಿಗೆಯಿಂದ ಏನೋ ತೆಗೆದು ಪಾದದ ಹತ್ತಿರ ಇಟ್ಟ.

ಮರದ ಅಡವಯ್ಯ. ಬಿಳಿ ಗಡ್ಡ, ಕೊರಳಲ್ಲಿ ರುದ್ರಾಕ್ಷಿ, ಎತ್ತಿದ ಬಲಗೈ.

"ನಿಮ್ಮನ್ನ ಕೇಳಲಾರದ ಮಾಡಿಸೀನಿ, ತಪ್ಪ ತಿಳಕೋಬ್ಯಾಡ್ರಿ. ಭಕ್ತರಿಗೆ ಲಾಭ ಇಲ್ಲದ ಕೊಟ್ಟೀನಿ. ನನ್ನ ಗುರುಕಾಣಿಕಿ."

ಅಜ್ಜ ಗೊಂಬೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು.

"ಇದು ಎಷ್ಟ ಹೋತು?"

"ಮುನ್ನೂರ್ರಿ."

"ಎಷ್ಟ ಮುರದಾವು?"

"ಛೇ, ಒಂದೂ ಇಲ್ರಿ. ಎಲ್ಲಾ ಕೊಟ್ಟಾಗ ಹೆಂಗಿದ್ವೋ ಹಂಗ ಅದಾವ."

"ಎರಡನೇದು ಕೇಳಾಕ ಯಾರರ ಬಂದ್ರೇನು?"

"ಯಾಕ ಬರ್ತಾರ್ರಿ?"

ಅಜ್ಜ ಗೊಂಬೆಯನ್ನು ನೆಲದ ಮೇಲಿಟ್ಟರು. ಮಣಕಾಲು ಹಿಡಿದು, ನರಳುತ್ತ ಎದ್ದರು.

"ಹಂಗಾರ ಲೆಕ್ಕಾ ಮುಗಿಸು, ಗದಿಗೆಪ್ಪಾ. ಒಂದ ವರ್ಷದಾಗ ಬೆಕ್ಕ ನೋಡಿ ಕುಂಟಿದವರು ಇಪ್ಪತ್ತ ಸಾವಿರ. ಈ ಮಠದಾಗ ಕೂತ ನಲವತ್ತ ವರ್ಷದಾಗ ನನ್ನ ನೋಡಿ ನೆಟ್ಟಗ ನಡದವರು, ನಿನ್ನ ಹಿಡದು, ಸೊನ್ನಿ."